ಐದು ಗಂಟೆಯ ಬಸ್ಸು

ನಮ್ಮ ಮಲೆಸೀಮೆಯಲ್ಲಿ ಬಸ್ಸುಗಳಿಗೆ ಸಂಖ್ಯೆಯಿಲ್ಲ, ಹೆಸರುಂಟು. ಬೆಂಗಳೂರಿನವರು ನಿಲ್ದಾಣದಲ್ಲಿ ನಿಂತು “ಮುನ್ನೂರ ಮೂವತ್ತೈದು ಬಂತೆ?” ಎಂದು ವಿಚಾರಿಸುತ್ತಾರೆ. ಮೂಡಿಗೆರೆಯಿಂದ ಕಳಸದವರೆಗಿನ ನಮ್ಮ ಜನ “ಏಳೂವರೆ ಹೋಯಿತೆ?” ಎಂದು ಕೇಳುತ್ತಾರೆ. ಏಳೂವರೆ ಎಂಬುದು ಇಲ್ಲಿ ಕಾಲವಲ್ಲ, ಬಸ್ಸಿನ ನಾಮಧೇಯ. ಅದು ಎಂಟಕ್ಕೆ ಬಂದರೂ ಏಳೂವರೆಯೇ. ಆಷಾಢದ ಮಳೆಯಲ್ಲಿ ರಸ್ತೆಗೆ ಮರ ಬಿದ್ದು ಹತ್ತೂಕಾಲಕ್ಕೆ ಬಂದರೂ ಏಳೂವರೆಯೇ. ತಂದೆತಾಯಿಗಳು ಇಟ್ಟ ಹೆಸರನ್ನು ಮಗ ದಾರಿ ತಪ್ಪಿದನೆಂದು ಯಾರಾದರೂ ಬದಲಾಯಿಸುವುದುಂಟೆ?

ನಾನು ಹುಟ್ಟಿ ಬೆಳೆದುದು ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ಬಾಳೂರಿನಿಂದ ಮುಂದೆ ಹಿರೇಬೈಲಿನ ಕಡೆಗೆ, ಕಾಫಿ ತೋಟಗಳ ನಡುವಿನ ಒಂದು ಸಣ್ಣ ಊರಿನಲ್ಲಿ. ಬಸ್ಸಿನ ಹಾರನ್ನು ನಮ್ಮ ಮನೆಗೆ ಗಡಿಯಾರವಾಗಿತ್ತು. ಬೆಳಗಿನ ಹಾರನ್ನಿಗೆ ಕಡುಬಿನ ಪಾತ್ರೆ ಒಲೆಯಿಂದ ಇಳಿಯುತ್ತಿತ್ತು. ಸಂಜೆಯ ಹಾರನ್ನಿಗೆ ದೇವರ ಮುಂದೆ ದೀಪ ಹತ್ತುತ್ತಿತ್ತು. ಬಸ್ಸು ಬಂದಿತೆಂದರೆ ಕೇವಲ ಮನುಷ್ಯರು ಬಂದರೆಂದು ಅರ್ಥವಲ್ಲ. ಕಂಡಕ್ಟರು ಪೇಟೆಯ ಔಷಧದಂಗಡಿಯ ಪೊಟ್ಟಣ ತರುತ್ತಿದ್ದ. ಪಂಪ್‌ಸೆಟ್ಟಿನ ಕೆಟ್ಟ ಭಾಗವನ್ನು ಒಯ್ದು ರಿಪೇರಿ ಮಾಡಿಸಿ ತರುತ್ತಿದ್ದ. ತವರಿಗೆ ಹೋದ ಸೊಸೆ ನಾಳೆ ಬರುತ್ತಾಳೆಂಬ ಸುದ್ದಿಯನ್ನು ಟಿಕೆಟ್ಟಿಲ್ಲದೆ ಸಾಗಿಸುತ್ತಿದ್ದ. ವಾರಪತ್ರಿಕೆಯ ಕಟ್ಟೂ ಅದರಲ್ಲಿಯೇ ಬರಬೇಕು. ಧಾರಾವಾಹಿಯ ನಾಯಕಿಯನ್ನು ಹೋದ ವಾರ ಹೊಳೆಯ ದಡದಲ್ಲಿ ನಿಲ್ಲಿಸಿ ‘ಮುಂದುವರಿಯುವುದು’ ಎಂದು ಬರೆದಿದ್ದ ಪಕ್ಷದಲ್ಲಿ, ಆಕೆ ಬದುಕಿದಳೋ ಇಲ್ಲವೋ ಎಂಬುದು ನಮ್ಮೂರಿಗೆ ಬಸ್ಸಿನ ಟೈರಿನ ಆಯುಸ್ಸನ್ನು ಅವಲಂಬಿಸಿತ್ತು.

ಆ ಬಸ್ಸುಗಳಾದರೋ ಬಲು ಮುದುಕ ಬಸ್ಸುಗಳು. ಕಿಟಕಿಗೆ ಗಾಜಿನ ಬದಲು ಟಾರ್ಪಾಲಿನ ಪರದೆ. ಮಳೆಗಾಲದಲ್ಲಿ ಒಳಗೆ ಕುಳಿತವರೂ ಕೊಡೆ ಬಿಡಿಸುವುದು ವಾಡಿಕೆ. ಏರಿನಲ್ಲಿ ಅವು ಏದುಸಿರು ಬಿಡುವಾಗ ಪ್ರಯಾಣಿಕರು ತಾವೇ ಸೀಟಿನ ಅಂಚಿಗೆ ಬಂದು, ಉಸಿರು ಬಿಗಿಹಿಡಿದು, ಮನಸ್ಸಿನಿಂದಲೇ ತಳ್ಳುತ್ತಿದ್ದರು. ಆದರೆ ಅವಕ್ಕೆ ದಾಕ್ಷಿಣ್ಯವಿತ್ತು. ನಾನು ಮೂಡಿಗೆರೆಗೆ ಹೋಗಿ ಓದುತ್ತಿದ್ದ ವರ್ಷಗಳಲ್ಲಿ ಸಂಜೆ ಐದು ಗಂಟೆಯ ಬಸ್ಸು ನನ್ನದು. ಗ್ರಂಥಾಲಯದಲ್ಲಿ ಪುಸ್ತಕ ಬಿಡಲಾರದೆ ತಡಮಾಡಿ ಓಡೋಡಿ ಬಂದರೆ ಡ್ರೈವರು ಎಂಜಿನ್ನು ಚಾಲೂ ಇಟ್ಟುಕೊಂಡೇ ಕಾದಿರುತ್ತಿದ್ದ. “ಬೇಗ ಹತ್ತು ಮಾರಾಯ, ನಿನ್ನ ದೆಸೆಯಿಂದ ಕಳಸದವರ ಊಟ ತಣ್ಣಗಾಗುತ್ತದೆ” ಎಂದು ಬೈಯುತ್ತಿದ್ದ. ನಾನು ಕನ್ನಡ ಎಂ. ಎ. ಆದುದರಲ್ಲಿ ಗುರುಗಳ ಪಾಲೆಷ್ಟೋ ಆ ಡ್ರೈವರಿನ ಪಾಲೂ ಅಷ್ಟೇ ಎಂದರೆ ಅತಿಶಯೋಕ್ತಿಯಲ್ಲ.

ಮಲೆನಾಡಿನಲ್ಲಿ ಬಸ್ಸು ಓಡಿಸುವುದು ಎಂದೂ ಸುಲಭದ ಕಸುಬಾಗಿರಲಿಲ್ಲ. ಮೈಸೂರು ಸಂಸ್ಥಾನದ ಸರ್ಕಾರಿ ಸಾರಿಗೆ 1948ರಲ್ಲಿಯೇ ಆರಂಭವಾಯಿತಾದರೂ ನಮ್ಮ ಗುಡ್ಡದ ದಾರಿಗಳಲ್ಲಿ ಬಹುಕಾಲ ಖಾಸಗಿಯವರದೇ ರಾಜ್ಯಭಾರ. ಅವರಲ್ಲಿ ಕೊಪ್ಪದ ‘ಸಹಕಾರ ಸಾರಿಗೆ’ಯ ಕಥೆ ನಿಜವಾಗಿಯೂ ಕಥೆಯೇ. ಒಂದು ಖಾಸಗಿ ಸಾರಿಗೆ ಕಂಪೆನಿ ಮುಚ್ಚಿದಾಗ ಕೆಲಸ ಕಳೆದುಕೊಂಡ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳು 1991ರಲ್ಲಿ ತಾವೇ ಒಂದು ಸಹಕಾರ ಸಂಘ ಕಟ್ಟಿದರು. ಆರು ಬಸ್ಸುಗಳಿಂದ ಹೊರಟ ಸಂಘ ಮುಂದೆ 70ಕ್ಕೂ ಮಿಕ್ಕ ಬಸ್ಸುಗಳನ್ನು ಓಡಿಸಿತು. ಟಿಕೆಟ್ಟು ಹರಿಯುವವನೇ ಒಡೆಯ, ಸ್ಟಿಯರಿಂಗು ಹಿಡಿದವನೇ ಪಾಲುದಾರ! ಬೇರೆಯವರು ಲಾಭವಿಲ್ಲವೆಂದು ತಿರುಗಿಯೂ ನೋಡದ ಹಳ್ಳಿಗಳಿಗೆ ಅದರ ಬಸ್ಸುಗಳು ಹೋದವು. ವಿದ್ಯಾರ್ಥಿಗಳಿಗೆ ರಿಯಾಯಿತಿ ದೊರೆಯಿತು. ಮೂರು ದಶಕಗಳು ತುಂಬುವ ಮೊದಲೇ ಖರ್ಚು ಏರಿ, ನಷ್ಟದ ಭಾರ ತಾಳಲಾರದೆ, 2020ರ ಫೆಬ್ರವರಿಯಲ್ಲಿ ಆ ಬಸ್ಸುಗಳು ನಿಂತವು. ಮರುತಿಂಗಳೇ ಕೊರೋನಾ ಬಂದು ದೇಶದ ಬಸ್ಸುಗಳೆಲ್ಲವೂ ನಿಂತವು. ಉಳಿದವು ಮತ್ತೆ ಹೊರಟಾಗ, ಹೊರಡದೆ ಉಳಿದವು ಯಾವುವೆಂದು ಲೆಕ್ಕವಿಟ್ಟವರು ಕಡಮೆ.

ಹಾಗೆಂದು ಪ್ರಯಾಣದ ಸೌಕರ್ಯ ಬೆಳೆದಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಅಜ್ಜಿಯ ಕಾಲದಲ್ಲಿ ರೈಲು ನೋಡಬೇಕಾದರೆ ಕಡೂರಿಗೆ ಹೋಗಬೇಕಾಗಿತ್ತು. 2013ರ ನವೆಂಬರಿನಲ್ಲಿ ರೈಲು ಚಿಕ್ಕಮಗಳೂರಿಗೇ ಬಂದಿತು. ವಿದ್ಯುತ್ತಿನಿಂದ ಓಡುವ ಬಸ್ಸೂ ಬೆಂಗಳೂರಿನಿಂದ ಚಿಕ್ಕಮಗಳೂರಿನವರೆಗೆ ಬಂದಿದೆ. ರಾಜ್ಯದ ಸಾರಿಗೆ ನಿಗಮವು 2023ರಲ್ಲಿ ‘ಪಲ್ಲಕ್ಕಿ’ಯನ್ನೂ 2024ರಲ್ಲಿ ‘ಅಶ್ವಮೇಧ’ವನ್ನೂ ರಸ್ತೆಗಿಳಿಸಿತು. ಹೆಸರು ಕೇಳಿದೊಡನೆ ಕನ್ನಡ ಮೇಷ್ಟರ ಕಿವಿ ನಿಮಿರುವುದು ಸಹಜ. ಆದರೆ ಪುರಾಣದ ಅಶ್ವಮೇಧದ ಕುದುರೆ ತನಗೆ ತೋಚಿದ ಕಡೆಗೆಲ್ಲ, ಸಂದಿಗೊಂದಿಗಳಿಗೂ ನುಗ್ಗುತ್ತಿತ್ತು. ಈ ಹೊಸ ಕುದುರೆಯಾದರೋ ನಡುವೆ ಎಲ್ಲಿಯೂ ಹೆಚ್ಚು ನಿಲ್ಲದೆ ಊರಿನಿಂದ ಊರಿಗೆ ನೇರ ಓಡುವಂಥದು. ದೊಡ್ಡ ಊರುಗಳು ಒಂದಕ್ಕೊಂದು ಹತ್ತಿರವಾಗುತ್ತಿವೆ. ಸಣ್ಣ ಊರುಗಳು ಮಾತ್ರ ಇದ್ದಲ್ಲಿಯೇ ಇದ್ದು ದೂರವಾಗುತ್ತಿವೆ.

ಇದು ನನಗೆ ತಿಳಿದುದು ಬಹಳ ತಡವಾಗಿ, ಅದೂ ಒಬ್ಬ ವಿದ್ಯಾರ್ಥಿನಿಯಿಂದ. ಈ ಸಂಗತಿಯನ್ನು ಬರೆಯಲು ನನಗೆ ಸಂಕೋಚವಾಗುತ್ತದೆ. ಬರೆಯದಿದ್ದರೆ ಇನ್ನೂ ಹೆಚ್ಚು ಸಂಕೋಚವಾಗುತ್ತದೆ.

ಕಳೆದ ವರ್ಷ ಬಿ. ಎ. ತರಗತಿಯಲ್ಲಿ ಹಳಗನ್ನಡ ಕಾವ್ಯದ ಪಾಠ ನನಗೆ ದಿನದ ಕೊನೆಯ ಅವಧಿಯಲ್ಲಿ ಬಿದ್ದಿತ್ತು: ಮೂರೂಕಾಲರಿಂದ ನಾಲ್ಕೂಕಾಲು. ಆ ಹುಡುಗಿ ಬೆಳಗಿನ ಅವಧಿಗಳಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತಿರುವಳು; ನನ್ನ ಅವಧಿಗೆ ಮಾತ್ರ ಮಾಯ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗುರುತುಗಳು ಸಾಲುಗಟ್ಟಿದವು. ಪರೀಕ್ಷೆಗೆ ಕೂರಬೇಕಾದರೆ ನೂರಕ್ಕೆ 75ರಷ್ಟು ಹಾಜರಿ ಬೇಕು. ಒಂದು ದಿನ ಕರೆದು ಎಲ್ಲರೆದುರಿಗೆ ಗದರಿದೆ. “ಕಾವ್ಯವೆಂದರೆ ನಿನಗೆ ಅಷ್ಟು ಅಸಡ್ಡೆಯೆ?” ಎಂದೆ.

ಅವಳು ತಲೆ ತಗ್ಗಿಸಿ ಹೇಳಿದಳು: “ಮೂರೂವರೆ ಬಸ್ಸು ತಪ್ಪಿದರೆ ಬೇರೆ ಬಸ್ಸು ಇಲ್ಲ ಸಾರ್.”

“ಏಕೆ ಇಲ್ಲ? ಐದು ಗಂಟೆಯ ಬಸ್ಸು ಉಂಟಲ್ಲ? ನಾನೂ ಆ ದಾರಿಯವನೇ.”

“ಅದು ಕೊರೋನಾದಲ್ಲಿ ನಿಂತದ್ದು ಮತ್ತೆ ಬರಲಿಲ್ಲ ಸಾರ್.”

ನನಗೆ ನಂಬಿಕೆಯಾಗಲಿಲ್ಲ. ಐದು ಗಂಟೆಯ ಬಸ್ಸೇ ಇಲ್ಲವೆಂದರೆ ಭದ್ರಾ ನದಿಯೇ ಇಲ್ಲವೆಂದ ಹಾಗೆ. ಮರುದಿನ ಬಿಡುವು ಮಾಡಿಕೊಂಡು ಮೂರೂವರೆಯ ಬಸ್ಸಿಗೆ ಹೋದೆ. ಕಾಲಿಡಲು ಜಾಗವಿಲ್ಲ. ಸಂತೆಯ ಚೀಲ, ಅಡಕೆ ಮೂಟೆ, ಆಸ್ಪತ್ರೆಯ ಚೀಟಿ ಹಿಡಿದ ಮುದುಕರು, ಮಕ್ಕಳು. ಐದು ಗಂಟೆಗೆ ಹೋಗಬೇಕಾದವರೆಲ್ಲ ಕೆಲಸವನ್ನು ಅರ್ಧಕ್ಕೇ ಬಿಟ್ಟು ಇದಕ್ಕೇ ಬಂದಿದ್ದಾರೆ. ಕೊಟ್ಟಿಗೆಹಾರ ದಾಟುವಾಗ ಮಂಜು ಇಳಿಯಿತು. ಬಾಳೂರು ದಾಟುವಾಗ ಮಳೆ ಹಿಡಿಯಿತು. ಒಂದು ಹ್ಯಾಂಡ್‌ಪೋಸ್ಟಿನಲ್ಲಿ ಹುಡುಗಿ ಇಳಿದಳು, ನಾನೂ ಇಳಿದೆ. ಅಲ್ಲಿಂದ ಅವಳ ಮನೆಗೆ ತೋಟದೊಳಗಿನ ದಾರಿಯಲ್ಲಿ ಮೂರು ಕಿಲೋಮೀಟರು ನಡೆಯಬೇಕು. ಕಾಡಾನೆಗಳು ತಿರುಗುವ ಸೀಮೆ ಅದು. ಕತ್ತಲಾದ ಮೇಲೆ ಗಂಡಾಳುಗಳೂ ಒಬ್ಬಂಟಿಯಾಗಿ ಆ ದಾರಿ ಹಿಡಿಯುವುದಿಲ್ಲ.

ತೋಟದ ಕೆಲಸ ಮುಗಿಸಿದ ಅವಳ ತಾಯಿ ತಲೆಗೆ ಪ್ಲಾಸ್ಟಿಕ್ಕಿನ ಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಟಾರ್ಚು ಹಿಡಿದು, ಹ್ಯಾಂಡ್‌ಪೋಸ್ಟಿನ ಕಟ್ಟೆಯ ಮೇಲೆ ಕಾದಿದ್ದಳು. ನನ್ನನ್ನು ಕಂಡು ಗಾಬರಿಯಾಗಿ ಎದ್ದು ನಿಂತಳು.

“ಮೇಷ್ಟ್ರು ಇಲ್ಲಿತನಕ ಬಂದಿದೀರಿ. ಮಗು ಏನಾದರೂ ತಪ್ಪು ಮಾಡಿತಾ?”

“ಇಲ್ಲಮ್ಮ, ದಾರಿ ನೋಡಿಕೊಂಡು ಹೋಗಲು ಬಂದೆ” ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನಾಲಗೆ ಏಳಲಿಲ್ಲ. “ಮನೆಗೆ ಬಂದು ಕಾಫಿ ಕುಡಿದು ಹೋಗಿ” ಎಂದು ಆಕೆ ಒತ್ತಾಯ ಮಾಡಿದಳು. ಹಿಂದಿರುಗಲು ಬಸ್ಸಿರಲಿಲ್ಲ. ಕೂಲಿಯಾಳುಗಳನ್ನು ತುಂಬಿಕೊಂಡು ಬಂದ ಬಾಡಿಗೆ ಜೀಪೊಂದರ ಹಿಂಬದಿಯಲ್ಲಿ ನೇತಾಡಿಕೊಂಡು ಕೊಟ್ಟಿಗೆಹಾರಕ್ಕೆ ಬಂದು ಮುಟ್ಟಿದೆ.

ಆ ಜೀಪಿನಲ್ಲಿ ನೆನೆಯುತ್ತ ನಿಂತಾಗ ನನಗೆ ಹೊಳೆದುದು ಇದು. ಐದು ಗಂಟೆಯ ಬಸ್ಸು ನಿಂತುಹೋದುದು ಅದೇ ದಾರಿಯವನಾದ ನನಗೆ ಹೇಗೆ ತಿಳಿಯದೆ ಹೋಯಿತು? ನಾನು ಬಸ್ಸು ಹತ್ತುವುದನ್ನು ಬಿಟ್ಟು ಎಂಟು ವರ್ಷವಾಗಿತ್ತು. ಕೆಲಸ ಸಿಕ್ಕಿದ ಮೇಲೆ ಮೊದಲು ಬೈಕು ಕೊಂಡೆ, ಆಮೇಲೆ ಸಾಲ ಮಾಡಿ ಕಾರು ಕೊಂಡೆ. ನನ್ನ ಹಾಗೆಯೇ ಬ್ಯಾಂಕಿನವರು, ಅಂಗಡಿಯವರು, ಸಣ್ಣ ಬೆಳೆಗಾರರು ಒಬ್ಬೊಬ್ಬರಾಗಿ ಇಳಿದು ಹೋದರು. ಅನುಕೂಲಸ್ಥರು ಇಳಿದ ಬಸ್ಸಿನಲ್ಲಿ ಉಳಿದವರ ದನಿ ಅಧಿಕಾರಿಗಳಿಗೆ ಕೇಳಿಸುವುದಿಲ್ಲ. ಅವರ ಟಿಕೆಟ್ಟಿನ ಹಣ ಡೀಸೆಲ್ಲಿಗೆ ಸಾಲುವುದಿಲ್ಲ. ಆ ಬಸ್ಸನ್ನು ನಿಲ್ಲಿಸಿದವರಲ್ಲಿ ನಾನೂ ಒಬ್ಬ. ಹಾಗಿದ್ದು, ನಿಂತ ಬಸ್ಸಿನ ಗೈರುಹಾಜರಿಯನ್ನು ನಾನು ಆ ಹುಡುಗಿಯ ಹೆಸರಿನ ಮುಂದೆ ಬರೆಯುತ್ತ ಬಂದಿದ್ದೆ.

ಮುಂದಿನ ವಾರ ಊರವರ ಸಹಿ ಮಾಡಿಸಿಕೊಂಡು ಒಂದು ಅರ್ಜಿ ಹಿಡಿದು ಸಂಬಂಧಪಟ್ಟವರ ಬಳಿಗೆ ಹೋದೆ. ಅಲ್ಲಿದ್ದವರು ಸಜ್ಜನರೇ. ಕುರ್ಚಿ ಕೊಟ್ಟು ಕೂರಿಸಿ, ಕಿಲೋಮೀಟರಿಗೆ ಇಷ್ಟು ಖರ್ಚು, ಇಷ್ಟು ವರಮಾನ ಎಂದು ಲೆಕ್ಕ ತೋರಿಸಿದರು. “ಕೊನೆಯ ಟ್ರಿಪ್ಪಿನಲ್ಲಿ ಹದಿನೈದು ಇಪ್ಪತ್ತು ಜನ ಸಾರ್. ಹೇಗೆ ಓಡಿಸೋದು?” ಎಂದರು. ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಸಂಜೆ ಹಿಂದಿರುಗಲು ಬಸ್ಸಿದೆಯೆಂಬ ಧೈರ್ಯದಿಂದಲೇ ಅಲ್ಲವೆ ಜನ ಬೆಳಿಗ್ಗೆ ಬಸ್ಸು ಹತ್ತುವುದು? ಸಂಜೆಯದನ್ನು ಕಡಿದರೆ ಬೆಳಗಿನದೂ ಒಣಗುತ್ತದೆ. ನಾಳೆ ಅದಕ್ಕೂ ವರಮಾನ ಸಾಲದೆಂಬ ಮಾತು ಹುಟ್ಟುತ್ತದೆ. ಇದು ನಮ್ಮೂರಿನ ಹೊಸ ಜ್ಞಾನವೇನೂ ಅಲ್ಲ. ಇಂಗ್ಲೆಂಡಿನಲ್ಲಿ 1963ರಲ್ಲಿ ಬೀಚಿಂಗ್ ಎಂಬಾತ ರೈಲ್ವೆಯ ನಷ್ಟ ತಗ್ಗಿಸುವ ಸಲುವಾಗಿ 2,300ಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಬೇಕೆಂದು ವರದಿ ಕೊಟ್ಟ. ಸಾವಿರಾರು ಮೈಲಿ ಕವಲು ದಾರಿಗಳು ಮುಚ್ಚಿಹೋದವು; ನಿರೀಕ್ಷಿಸಿದ ಲಾಭ ಮಾತ್ರ ಬರಲಿಲ್ಲ. ಕವಲಿನ ಪ್ರಯಾಣಿಕನೇ ಮುಂದೆ ಹೆದ್ದಾರಿಯ ಪ್ರಯಾಣಿಕ. ಹಳ್ಳಗಳನ್ನೆಲ್ಲ ಬತ್ತಿಸಿ ಭದ್ರೆಯನ್ನು ತುಂಬಿಸುತ್ತೇವೆಂದರೆ ನಡೆದೀತೆ?

2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆಯಿತು. ದೊಡ್ಡ ಉಪಕಾರವೇ ಸರಿ. ಅದರಿಂದ ಎಷ್ಟೋ ಹೆಣ್ಣುಮಕ್ಕಳು ಮನೆಯ ಹೊಸಿಲು ದಾಟಿದರು. ಆದರೆ ಖಾಸಗಿ ಬಸ್ಸೇ ಗತಿಯಾಗಿರುವ ಗುಡ್ಡದ ದಾರಿಗಳಿಗೆ ಆ ಉಪಕಾರ ಹತ್ತಲಿಲ್ಲ. ಇನ್ನು ಯಾವ ಬಸ್ಸೂ ಬಾರದ ಹೊತ್ತಿನಲ್ಲಿ ಟಿಕೆಟ್ಟು ಉಚಿತವಾದರೇನು, ದುಬಾರಿಯಾದರೇನು?

ಅರ್ಜಿಯನ್ನು ಪರಿಶೀಲಿಸುವುದಾಗಿ ಹೇಳಿದ್ದಾರೆ. ನನ್ನ ಕೈಯಲ್ಲಾದುದು ಒಂದೇ: ಪ್ರಾಂಶುಪಾಲರನ್ನು ಕೇಳಿಕೊಂಡು, ಸಹೋದ್ಯೋಗಿಯೊಬ್ಬರನ್ನು ಒಪ್ಪಿಸಿ, ನನ್ನ ಪಾಠವನ್ನು ಬೆಳಗಿನ ಮೊದಲ ಅವಧಿಗೆ ಬದಲಾಯಿಸಿಕೊಂಡೆ. ಅದಕ್ಕೆ ಸಹೋದ್ಯೋಗಿಯ ಇಂಗ್ಲಿಷ್ ಪಾಠ ಕೊನೆಗೆ ಹೋಯಿತು. ಹುಡುಗಿ ಈಗ ಅದನ್ನು ಕಳೆದುಕೊಂಡಳು. ಕಂಬಳಿ ಗಿಡ್ಡ, ತಲೆಗೆ ಎಳೆದರೆ ಕಾಲು ಹೊರಗೆ. ಕೊನೆಗೆ ನಾವಿಬ್ಬರೂ ಸೇರಿ ಶನಿವಾರ ಮಧ್ಯಾಹ್ನ ಒಂದು ಹೆಚ್ಚಿನ ಪಾಠ ಇಟ್ಟುಕೊಂಡೆವು. ಬಸ್ಸಿನ ದೆಸೆಯಿಂದ ಪಾಠ ತಪ್ಪಿದವರು ಬರಲಿ ಎಂದೆವು. ಅವಳೊಬ್ಬಳೇ ಬಂದಾಳೆಂದುಕೊಂಡಿದ್ದೆ, ಹನ್ನೊಂದು ಮಂದಿ ಬಂದರು. ಹನ್ನೊಂದು ಮಂದಿಯ ಹೆಸರಿನ ಮುಂದೆಯೂ ನನ್ನ ಕೆಂಪು ಗುರುತುಗಳಿದ್ದವು.

ಹುಡುಗಿ ಪರೀಕ್ಷೆಗೆ ಕುಳಿತಳು, ತೇರ್ಗಡೆಯಾದಳು. ಅವಳಿಗಿಂತ ಇನ್ನೂ ಒಳಗಿನ ಊರಿನಿಂದ ಬರುತ್ತಿದ್ದ ಅವಳ ಗೆಳತಿ ಮಾತ್ರ ದಸರಾ ರಜದ ನಂತರ ಬರಲೇ ಇಲ್ಲ. ಕಾರಣ ಕೇಳಿದಾಗ “ದಾರಿ ಕಷ್ಟ ಸಾರ್, ಮನೆಯಲ್ಲಿ ಬೇಡ ಎಂದರು” ಎಂಬ ಉತ್ತರ ಬಂದಿತು. ಕಿಲೋಮೀಟರಿನ ಲೆಕ್ಕದ ಪುಸ್ತಕದಲ್ಲಿ ಆ ಮಗುವಿಗೆ ಒಂದು ಕಲಮು ಇರಲಾರದು.

ಈಗ ನಾನು ವಾರಕ್ಕೆ ಎರಡು ದಿನ ಕಾರನ್ನು ಮನೆಯಲ್ಲಿ ಬಿಟ್ಟು ಬಸ್ಸಿನಲ್ಲಿ ಓಡಾಡುತ್ತೇನೆ. ಇದರಿಂದ ಯಾರ ನಷ್ಟವೂ ತುಂಬುವುದಿಲ್ಲವೆಂದು ನನಗೂ ಗೊತ್ತು. ಟಿಕೆಟ್ಟು ಒಂದು ಹೆಚ್ಚಾಗುತ್ತದೆ, ಅಷ್ಟೆ. ಸಂಜೆ ಐದಾದಾಗ ಮಾತ್ರ, ಕಾಲೇಜಿನ ಗೇಟಿನ ಬಳಿ ನಿಂತಿದ್ದರೆ, ಕಿವಿ ತಾನಾಗಿಯೇ ರಸ್ತೆಯ ಕಡೆಗೆ ಹೋಗುತ್ತದೆ. ಎಂಜಿನ್ನು ಚಾಲೂ ಇಟ್ಟುಕೊಂಡು ಯಾರೋ ನನ್ನನ್ನು ಕಾಯುತ್ತಿದ್ದಾರೆ, “ಬೇಗ ಹತ್ತು ಮಾರಾಯ” ಎನ್ನುತ್ತಿದ್ದಾರೆ ಎಂದು ತೋರುತ್ತದೆ. ಹಾಗೆ ಕಾಯುವವರೊಬ್ಬರು ಆ ಮಕ್ಕಳಿಗೂ ಇರಬೇಕಾಗಿತ್ತು.