ಕೋಯಾ ಬೆಟ್ಟದ ಹಾದಿ

"ಜಪಾನಿಗೆ ಹೊರಟಿದ್ದೇವೆ ಸರ್, ಗದ್ದಲವಿಲ್ಲದ ಸ್ಥಳವಿದ್ದರೆ ತಿಳಿಸಿ" ಎಂದು ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಎಲ್ಲರೂ ಮೊದಲು ಹೇಳುವುದು ಕ್ಯೋಟೋದ ರಿಯೋಆಂಜಿಯ ಶಿಲೋದ್ಯಾನವನ್ನು. ಅಲ್ಲಿನ 15 ಕಲ್ಲುಗಳಲ್ಲಿ, ಜಗಲಿಯ ಮೇಲೆ ಎಲ್ಲಿ ಕುಳಿತು ನೋಡಿದರೂ, ಒಂದಾದರೂ ಮರೆಯಾಗಿರುತ್ತದೆ ಎನ್ನುತ್ತಾರೆ. ಸೊಗಸಾದದ್ದೇ. ಆದರೆ ಮುಂಜಾನೆಯೇ ಹೋಗದಿದ್ದರೆ ಕಲ್ಲುಗಳಿಗೆ ಬದಲು ತಲೆಗಳನ್ನು ಎಣಿಸಬೇಕಾದೀತು! ನನ್ನನ್ನು ಕೇಳಿದರೆ ಕೋಯಾ ಬೆಟ್ಟಕ್ಕೆ ಹೋಗಿ ಎಂದೇ ಹೇಳುತ್ತೇನೆ.

ಒಸಾಕಾದ ನಂಬಾ ನಿಲ್ದಾಣದಿಂದ ಗೊಕುರಾಕುಬಾಶಿಯವರೆಗೆ ರೈಲು, ಅಲ್ಲಿಂದ ಕೇಬಲ್ ಕಾರು, ಮೇಲೆ ಬಸ್ಸು. ಬಸ್ಸಿನಲ್ಲಿ ಕೊನೆಯವರೆಗೆ ಹೋಗದೆ ಇಚಿನೋಹಾಶಿ ಸೇತುವೆಯ ಬಳಿಯೇ ಇಳಿಯಿರಿ. ಓಕುನೋಇನ್‌ಗೆ ಅಲ್ಲಿಂದ ಸುಮಾರು 2 ಕಿಲೋಮೀಟರ್ ಕಾಲುಹಾದಿ. ಇಕ್ಕೆಲಗಳಲ್ಲಿ ಶತಮಾನಗಳಷ್ಟು ಹಳೆಯ ಸುಗಿ ಮರಗಳು. ಅವುಗಳ ಬುಡದಲ್ಲಿ ಪಾಚಿ ಹೊದ್ದ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳು.

ನನ್ನ ಮನೆಯಾಕೆ ತೀರಿಕೊಂಡ ಮರುವರ್ಷ ಒಸಾಕಾದಲ್ಲಿರುವ ಮಗ ನನ್ನನ್ನು ಅಲ್ಲಿಗೆ ಕರೆದೊಯ್ದ. ಮನಸ್ಸು ಹಗುರಾಗಲೆಂದು ಕರೆತಂದವನು ಸ್ಮಶಾನಕ್ಕೇ ಕರೆತಂದನಲ್ಲ ಎಂದು ಮೊದಲು ಮುಜುಗರವಾಯಿತು. ಮಾತಿಲ್ಲದೆ ನಡೆದೆವು. ಅಲ್ಲಿ ಅನೇಕ ಸಮಾಧಿಗಳ ಮೇಲೆ ಐದು ಕಲ್ಲುಗಳನ್ನು ಒಂದರ ಮೇಲೊಂದಿಟ್ಟ ಗೋಪುರಗಳಿವೆ: ಚೌಕ ಭೂಮಿಗೆ, ಗೋಲ ನೀರಿಗೆ, ಅದರ ಮೇಲೆ ಅಗ್ನಿ, ವಾಯು, ತುದಿಯಲ್ಲಿ ಆಕಾಶ. ಅವುಗಳ ಮೇಲೆ ಕೊರೆದಿರುವ ಬೀಜಾಕ್ಷರಗಳು ನಮ್ಮವೇ: ಕೆಳಗಿನಿಂದ ಅ, ವ, ರ, ಹ, ಖ. ಲಿಪಿ ಮಾತ್ರ ಸಿದ್ಧಂ. 'ಖ' ಎಂದರೆ ಆಕಾಶ, ಆದ್ದರಿಂದಲೇ ಹಕ್ಕಿ 'ಖಗ' ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ, ನಿಮಗೆ ನೆನಪಿರಬಹುದು. ಪಂಚಭೂತಗಳಲ್ಲಿ ಲೀನವಾಗುವುದೆಂಬ ಮಾತನ್ನು ಆ ವರ್ಷ ಸಂತಾಪ ಹೇಳಲು ಬಂದವರೆಲ್ಲ ಆಡಿದ್ದರು. ಕಲ್ಲಿನಲ್ಲಿ ಕಂಡಾಗಲೇ ಅದು ನನ್ನೊಳಗೆ ಇಳಿದದ್ದು.

ಈ ಅಕ್ಷರವಿದ್ಯೆಯನ್ನು ತಂದವರಲ್ಲಿ ಪ್ರಮುಖನು ಕೂಕಾಯ್. 804ರಲ್ಲಿ ಚೀನಾಕ್ಕೆ ಹೋಗಿ ಸಂಸ್ಕೃತವನ್ನೂ ಕಲಿತು ಬಂದು, 816ರಲ್ಲಿ ಸಾಗಾ ಚಕ್ರವರ್ತಿಯಿಂದ ಈ ಬೆಟ್ಟವನ್ನು ಪಡೆದ. 835ರಿಂದ ಆತ ಧ್ಯಾನದಲ್ಲೇ ಇದ್ದಾನೆಂದು ಭಕ್ತರ ನಂಬಿಕೆ. ಇಂದಿಗೂ ದಿನಕ್ಕೆರಡು ಬಾರಿ ಆಹಾರ ಒಯ್ಯುತ್ತಾರೆ. (ಅದೇ ಬೆಟ್ಟದಲ್ಲಿ ಗೆದ್ದಲುಗಳಿಗೂ ಒಂದು ಸ್ಮಾರಕವಿದೆ, ಕಟ್ಟಿಸಿದವರು ಗೆದ್ದಲು ಕೊಲ್ಲುವ ಉದ್ಯಮದವರು!)

ಕೊನೆಯ ಸೇತುವೆಯ ಮುನ್ನ ಜಿಜೋ ಮೊದಲಾದ ವಿಗ್ರಹಗಳ ಸಾಲಿದೆ. ಗತಿಸಿದವರನ್ನು ನೆನೆದು ಅವುಗಳಿಗೆ ನೀರೆರೆಯುತ್ತಾರೆ. ನಾನೂ ಎರೆದೆ. ಸೇತುವೆಯ ಆಚೆ ಛಾಯಾಚಿತ್ರ ತೆಗೆಯುವಂತಿಲ್ಲ.

ರಾತ್ರಿ ಅಲ್ಲಿಯೇ ತಂಗಿರಿ. ಐವತ್ತರಷ್ಟು ದೇವಾಲಯಗಳಲ್ಲಿ ವಸತಿಯುಂಟು. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಸಸ್ಯಾಹಾರವೂ ಸಿಗುತ್ತದೆ.