ನೆಕ್ಕರೆಯ ಗುರುತು ಹೂವಿನಲ್ಲಿದೆ

ಮಲೆನಾಡಿನ ಗುಡ್ಡ ಹತ್ತುವಾಗ ಮಕ್ಕಳು ಕೇಳುವ ಮೊದಲ ಪ್ರಶ್ನೆ ‘ಇದು ಯಾವ ಹೂ?’ ಎಂಬುದು. ದೊಡ್ಡವರ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಯಾವುದೋ ಕಾಡು ಹೂ, ನಡಿ ಮುಂದೆ.’ ಈಚೆಗೆ ಇನ್ನೊಂದು ಉತ್ತರ ಸೇರಿಕೊಂಡಿದೆ. ಅಪ್ಪ ಜೇಬಿನಿಂದ ಮೊಬೈಲ್ ತೆಗೆದು ಫೋಟೊ ಹಿಡಿಯುತ್ತಾನೆ, ಫೋನು ಒಂದು ಲ್ಯಾಟಿನ್ ಹೆಸರು ತೋರಿಸುತ್ತದೆ, ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಎರಡು ಸಂದರ್ಭದಲ್ಲೂ ಹೂವನ್ನು ಮಾತ್ರ ಯಾರೂ ಸರಿಯಾಗಿ ನೋಡಿರುವುದಿಲ್ಲ.

ನೆಕ್ಕರೆ ಗಿಡವನ್ನೇ ತೆಗೆದುಕೊಳ್ಳಬಹುದು. ಆಗುಂಬೆ, ಕೊಡಚಾದ್ರಿ, ಕುದುರೆಮುಖದ ಕಡೆ ದಾರಿಯಂಚಿನಲ್ಲಿ, ಬಿಸಿಲು ಬೀಳುವ ಇಳಿಜಾರಿನಲ್ಲಿ ಆಳೆತ್ತರ ಬೆಳೆಯುವ ಪೊದೆ ಇದು. ಕೆಲವರು ಇದನ್ನು ಅಂಕೆರ್ಕಿ ಎನ್ನುತ್ತಾರೆ. ನೇರಳೆ ಬೆರೆತ ಗುಲಾಬಿ ಬಣ್ಣದ ಹೂ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ವಿಜ್ಞಾನಿಗಳು ಕೊಟ್ಟ ಹೆಸರು ಮೆಲಾಸ್ಟೋಮ ಮಲಬಾಥ್ರಿಕಮ್. ಗ್ರೀಕಿನಲ್ಲಿ ‘ಮೆಲಾಸ್’ ಎಂದರೆ ಕಪ್ಪು, ‘ಸ್ಟೋಮ’ ಎಂದರೆ ಬಾಯಿ. ಇದರ ಹಣ್ಣು ತಿಂದವರ ನಾಲಿಗೆ ಕಪ್ಪಾಗುವುದರಿಂದ ಈ ಹೆಸರು. ದನ ಕಾಯುವ ಹುಡುಗರಿಗೆ ಗ್ರೀಕ್ ಬಾರದೆಯೂ ಈ ವಿಷಯ ಚೆನ್ನಾಗಿ ಗೊತ್ತು!

ತೊಡಕು ಇರುವುದು ಬೇರೆಡೆ. ಅದೇ ಗುಡ್ಡಗಳಲ್ಲಿ ಅದೇ ಕುಟುಂಬದ ಆಸ್‌ಬೆಕಿಯ ಎಂಬ ಪೊದೆಗಳೂ ಬೆಳೆಯುತ್ತವೆ. ಬಣ್ಣ ಅದೇ, ಎಲೆಯ ರೀತಿಯೂ ಅದೇ. ದೂರದಿಂದ ನೋಡಿದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಹಾಗಾದರೆ ಗುರುತಿಸುವುದು ಹೇಗೆ?

ಮೊದಲು ಎಲೆ. ಬುಡದಿಂದ ಹೊರಟ ಮೂರೋ ಐದೋ ನರಗಳು ಬಿಲ್ಲಿನಂತೆ ಬಾಗಿ ತುದಿಯವರೆಗೆ ಜೊತೆಯಾಗಿ ಸಾಗುತ್ತವೆ. ಇದನ್ನು ಕಂಡರೆ ಮನೆತನ ಗೊತ್ತಾಯಿತು, ಆಳು ಗೊತ್ತಾಗಲಿಲ್ಲ. ಆಮೇಲೆ ದಳಗಳ ಎಣಿಕೆ. ನೆಕ್ಕರೆಗೆ ಸಾಮಾನ್ಯವಾಗಿ ಐದು. ಆಸ್‌ಬೆಕಿಯದಲ್ಲಿ ಕೆಲವಕ್ಕೆ ನಾಲ್ಕು, ಕೆಲವಕ್ಕೆ ಐದು. ಇಲ್ಲಿಯೂ ತೀರ್ಮಾನವಾಗುವುದಿಲ್ಲ. ಉತ್ತರ ಇರುವುದು ಹೂವಿನ ನಡುವೆ, ಕೇಸರಗಳಲ್ಲಿ. ನೆಕ್ಕರೆಯ ಹತ್ತು ಕೇಸರಗಳಲ್ಲಿ ಎರಡು ಜಾತಿ. ಐದು ಉದ್ದ, ನೇರಳೆ ಬಣ್ಣ, ಕುಡುಗೋಲಿನಂತೆ ಬಾಗಿದವು. ಇನ್ನೈದು ಗಿಡ್ಡ, ಅಚ್ಚ ಹಳದಿ. ಆಸ್‌ಬೆಕಿಯದ ಕೇಸರಗಳಾದರೋ ಹೆಚ್ಚುಕಡಿಮೆ ಒಂದೇ ಅಳತೆ, ಒಂದೇ ರೂಪ. ಅನುಮಾನ ಉಳಿದರೆ ಕಾಯಿ ಬಲಿಯುವವರೆಗೆ ಕಾಯಬೇಕು. ನೆಕ್ಕರೆಯ ಹಣ್ಣು ಒಡೆದು ಒಳಗಿನ ಕಪ್ಪು ತಿರುಳು ತೋರಿಸುತ್ತದೆ. ಆಸ್‌ಬೆಕಿಯದ ಕಾಯಿ ಒಣಗಿ ಬೀಜ ಉದುರಿಸುತ್ತದೆ.

ಒಂದೇ ಹೂವಿಗೆ ಎರಡು ಬಗೆಯ ಕೇಸರ ಏಕೆ? ಈ ಪ್ರಶ್ನೆ ಚಾರ್ಲ್ಸ್ ಡಾರ್ವಿನ್ನನನ್ನೂ ಕಾಡಿತ್ತು. 1860ರ ದಶಕದ ಆರಂಭದಲ್ಲಿ ಆತ ಇದೇ ಕುಟುಂಬದ ಬೇರೆ ಗಿಡಗಳನ್ನು ಬೆಳೆಸಿ ಪ್ರಯೋಗ ಮಾಡಿದ, ಆದರೆ ತೃಪ್ತಿಯಾಗುವ ಉತ್ತರ ಸಿಗಲಿಲ್ಲ. 1881ರಲ್ಲಿ ಜರ್ಮನಿಯ ಹರ್ಮನ್ ಮ್ಯೂಲರ್ ‘ನೇಚರ್’ ಪತ್ರಿಕೆಯಲ್ಲಿ ವಿವರಣೆ ಕೊಟ್ಟ. ಇದು ಕೆಲಸದ ಹಂಚಿಕೆ. ಆನೆಗೆ ತೋರಿಸುವ ಹಲ್ಲು ಬೇರೆ, ತಿನ್ನುವ ಹಲ್ಲು ಬೇರೆ ಎನ್ನುತ್ತಾರಲ್ಲ, ಹಾಗೆ. ನೆಕ್ಕರೆ ಹೂವಿನಲ್ಲಿ ಮಕರಂದ ಇಲ್ಲ. ಬರುವ ದುಂಬಿಗೆ ಊಟ ಎಂದರೆ ಪರಾಗವೇ. ಎದ್ದು ಕಾಣುವ ಹಳದಿ ಕೇಸರಗಳು ಆ ಊಟ ಬಡಿಸುತ್ತವೆ. ನೇರಳೆ ಕೇಸರಗಳು ಸದ್ದಿಲ್ಲದೆ ಅದರ ಮೈಗೆ ಪರಾಗ ಬಳಿದು ಮುಂದಿನ ಹೂವಿಗೆ ಕಳಿಸುತ್ತವೆ.

ಈ ಪರಾಗವೂ ಸುಲಭಕ್ಕೆ ಸಿಗುವುದಲ್ಲ. ಪರಾಗಕೋಶದ ತುದಿಯಲ್ಲಿ ಇರುವುದು ಒಂದು ಸಣ್ಣ ತೂತು. ಮರ ಕೊರೆಯುವ ಕರಿ ದುಂಬಿ ಕೇಸರಗಳನ್ನು ತಬ್ಬಿ ಹಿಡಿದು ಮೈಯನ್ನು ಜೋರಾಗಿ ಕಂಪಿಸುತ್ತದೆ. ಆಗ ಉಪ್ಪಿನ ಡಬ್ಬಿ ಅಲುಗಿಸಿದಂತೆ ಪರಾಗ ಹೊರಬೀಳುತ್ತದೆ. ಗಿಡದ ಬಳಿ ಸುಮ್ಮನೆ ನಿಂತರೆ, ದುಂಬಿ ಹಾರುವಾಗಿನ ಸದ್ದು ಬೇರೆ, ಹೂವಿನ ಮೇಲೆ ಕೂತು ಗುಂಯ್‌ಗುಟ್ಟುವ ಸದ್ದು ಬೇರೆ ಎಂಬುದು ಕಿವಿಗೇ ತಿಳಿಯುತ್ತದೆ.

ಶಾಲೆಯಲ್ಲಿ ಹೂ ಎಂದರೆ ದಾಸವಾಳ. ಅದರ ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಅಂಕ ಬರುತ್ತದೆ. ದಾಸವಾಳದ ಕೇಸರಗಳು ಶಲಾಕೆಯ ಸುತ್ತ ಕೊಳವೆಯಾಗಿ ಕೂಡಿಕೊಂಡಿರುತ್ತವೆ. ಅದೊಂದನ್ನೇ ನೋಡಿದ ವಿದ್ಯಾರ್ಥಿ ನೆಕ್ಕರೆಯ ಮುಂದೆ ತಬ್ಬಿಬ್ಬಾಗುವುದು ಸಹಜ. ಆ ತಬ್ಬಿಬ್ಬಿನಿಂದಲೇ ಕಲಿಕೆ ಶುರುವಾಗುವುದು. ತಂದೆತಾಯಿಗಳು ದೊಡ್ಡ ಖರ್ಚು ಮಾಡಬೇಕಾಗಿಲ್ಲ. ಒಂದು ಭೂತಗನ್ನಡಿ, ಒಂದು ನೋಟ್ ಪುಸ್ತಕ ಸಾಕು. ಊರು, ದಿನಾಂಕ, ದಳ ಎಷ್ಟು, ಕೇಸರ ಎಷ್ಟು, ಯಾವ ಬಣ್ಣ ಎಂದು ಮಗು ಬರೆದುಕೊಳ್ಳಲಿ. ಊರಿನ ಹಿರಿಯರನ್ನು ಕೇಳಿ ಅಲ್ಲಿನ ಹೆಸರನ್ನೂ ಬರೆಯಲಿ. ಫೋನಿನ ಉತ್ತರವನ್ನು ಕೊನೆಗೆ ಇದರೊಂದಿಗೆ ಹೋಲಿಸಬಹುದು.

ಎರಡು ಎಚ್ಚರಿಕೆ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದಲ್ಲಿ ಹೂ ಕೀಳುವಂತಿಲ್ಲ, ಬಗ್ಗಿ ನೋಡಿದರೆ ಸಾಕು. ಇನ್ನೊಂದು, ಹೆಚ್ಚು ಮುಖ್ಯವಾದದ್ದು: ಬಣ್ಣ ಹೋಲುತ್ತದೆ ಎಂದೋ, ಫೋನು ಹೇಳಿತು ಎಂದೋ ಕಾಡಿನ ಯಾವ ಹಣ್ಣನ್ನೂ ಬಾಯಿಗೆ ಹಾಕಬಾರದು. ಗಿಡವನ್ನು ಬಲ್ಲ ಹಿರಿಯರು ಜೊತೆಗಿರಬೇಕು.

ಹೆಸರನ್ನು ಯಾರು ಬೇಕಾದರೂ ಹೇಳಿಕೊಡಬಹುದು. ಹತ್ತು ಕೇಸರಗಳನ್ನು ತಾನೇ ಎಣಿಸಿದ ಮಗು ಮಾತ್ರ ಆ ಗಿಡವನ್ನು ಇನ್ನೊಂದು ಗುಡ್ಡದಲ್ಲಿ ಕಂಡರೂ ಗುರುತು ಹಿಡಿಯುತ್ತದೆ.