ಮಾಮನ ಟ್ರಂಕಿನಲ್ಲಿ 37 ಹಾಕಿ ಕಾರ್ಡು

ಮೊಬೈಲಿನಲ್ಲಿ 'ಹಾಕಿ ಕಾರ್ಡ್' ಅಂತ ಹುಡುಕಿದರೆ ಮೊದಲು ಕಾಣುವುದು ನಮ್ಮ ಹಾಕಿ ಅಲ್ಲ, ಮಂಜುಗಡ್ಡೆ ಮೇಲೆ ಆಡುವ ಕೆನಡಾದವರ ಹಾಕಿ. ಅಲ್ಲಿ ಬಬಲ್ ಗಮ್ ಜೊತೆ ಆಟಗಾರರ ಫೋಟೊ ಇರುವ ರಟ್ಟಿನ ಕಾರ್ಡು ಬರುತ್ತಿತ್ತು. ಮಕ್ಕಳು ಕೂಡಿಡುತ್ತಿದ್ದರು, ಸಿಕ್ಕರೆ ಆಟಗಾರರ ಸಹಿ ಹಾಕಿಸುತ್ತಿದ್ದರು. ವೇಯ್ನ್ ಗ್ರೆಟ್‌ಸ್ಕಿ ಎಂಬ ಆಟಗಾರ 1981-82ರ ಒಂದೇ ಸೀಸನ್ನಿನಲ್ಲಿ 92 ಗೋಲು ಹೊಡೆದಿದ್ದ. ಅವನ 1979ರ ಕಾರ್ಡೊಂದು 2021ರಲ್ಲಿ 37.5 ಲಕ್ಷ ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಸುಮಾರು 27 ಕೋಟಿ ರೂಪಾಯಿ.

ನಮ್ಮ ಕಡೆ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟಿಗರ ಚಿತ್ರ ಬರುತ್ತಿದ್ದುದು ಕೆಲವರಿಗೆ ನೆನಪಿರಬಹುದು. ಹಾಕಿಯವರ ಕಾರ್ಡನ್ನು ಮಾತ್ರ ನಮ್ಮೂರ ಯಾವ ಅಂಗಡಿಯಲ್ಲೂ ನಾನು ಕಂಡಿಲ್ಲ. ಕಂಪ್ಲಿಯ ನಮ್ಮ ಮಾಮ ಅದಕ್ಕಾಗಿ ಕಾಯಲಿಲ್ಲ. ತಾನೇ ಮಾಡಿಕೊಂಡ.

ಮಾಮ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ. ಹೈಸ್ಕೂಲಿನಲ್ಲಿ ಗದಗ ಕಡೆಯಿಂದ ಬಂದ ಡ್ರಿಲ್ ಮೇಷ್ಟ್ರು ಹಾಕಿ ಹಚ್ಚಿಸಿದ್ದರಂತೆ. ಬಾಗಿದ ಜಾಲಿ ಕೊಂಬೆಯೇ ಸ್ಟಿಕ್ಕು. ಆಡಿ ದೊಡ್ಡವನಾಗಲಿಲ್ಲ, ಹುಚ್ಚು ಮಾತ್ರ ಉಳಿಯಿತು. ಪೇಪರಿನಲ್ಲಿ ಬಂದ ಫೋಟೊ ಕತ್ತರಿಸಿ, ಹಳೆ ಮದುವೆ ಪತ್ರಿಕೆಯ ದಪ್ಪ ಹಾಳೆಗೆ ಅಂಟಿಸುತ್ತಿದ್ದ. ಅಂಟು ಮೈದಾಹಿಟ್ಟಿನದು. ಹುಳ ಹತ್ತದಿರಲಿ ಅಂತ ಚೂರು ಮೈಲುತುತ್ತ ಹಾಕಿ ಕುದಿಸುತ್ತಿದ್ದ. ಗಿರಣಿಯ ಖಾತೆ ಪುಸ್ತಕ ಬೈಂಡ್ ಮಾಡುವವರಿಂದ ಕಲಿತ ವಿದ್ಯೆ ಅದು.

ಎಲ್ಲಾ ಆಟಗಾರರೂ ಆ ಟ್ರಂಕಿಗೆ ಬರುವಂತಿರಲಿಲ್ಲ. ಗೋಲು ಹೊಡೆಯುವವರಷ್ಟೇ ಬೇಕು. ಕಾರ್ಡಿನ ಹಿಂದೆ ಗುಂಡಗಿನ ಅಕ್ಷರದಲ್ಲಿ ಲೆಕ್ಕ ಬರೆದಿದ್ದಾನೆ. ಧ್ಯಾನ್‌ಚಂದ್, 1928 ಆಂಸ್ಟರ್‌ಡ್ಯಾಂ, 14 ಗೋಲು. ರೂಪ್ ಸಿಂಗ್, 1932 ಲಾಸ್ ಏಂಜಲೀಸ್, ಅಮೆರಿಕದ ಮೇಲೆ 10 ಗೋಲು. ಆ ಪಂದ್ಯವನ್ನು ನಮ್ಮವರು 24-1ರಿಂದ ಗೆದ್ದರು. ಬಲ್ಬೀರ್ ಸಿಂಗ್, 1952 ಹೆಲ್ಸಿಂಕಿ, ಫೈನಲ್ಲಿನಲ್ಲಿ ನೆದರ್ಲೆಂಡ್ಸ್ ಮೇಲೆ ಭಾರತದ 6 ಗೋಲಿನಲ್ಲಿ ಇವರೊಬ್ಬರದೇ 5. ಅಶೋಕ್ ಕುಮಾರ್, 1975 ಕೌಲಾಲಂಪುರ, ವಿಶ್ವಕಪ್ ಫೈನಲ್ಲಿನಲ್ಲಿ ಪಾಕಿಸ್ತಾನದ ಮೇಲೆ ಗೆಲುವಿನ ಗೋಲು. ಇವರು ಧ್ಯಾನ್‌ಚಂದರ ಮಗ. ನಮ್ಮ ಕೊಡಗಿನ ಇಬ್ಬರು ಫಾರ್ವರ್ಡ್‌ಗಳೂ ಇದ್ದಾರೆ. ಎಂ.ಪಿ. ಗಣೇಶ್ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದಲ್ಲಿದ್ದವರು, 1973ರ ವಿಶ್ವಕಪ್ಪಿನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ. ಬಿ.ಪಿ. ಗೋವಿಂದ 1975ರ ವಿಶ್ವಕಪ್ ಗೆದ್ದ ತಂಡದವರು.

ಸಹಿ ಹಾಕಿಸಲು ಎರಡು ದಾರಿ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಟೂರ್ನಿ ಇದ್ದರೆ ಹೊಸಪೇಟೆಯಲ್ಲಿ ರೈಲು ಹತ್ತುತ್ತಿದ್ದ. ಇಲ್ಲದಿದ್ದರೆ ಅಂಚೆ. ಕವರಿನೊಳಗೆ ಕಾರ್ಡು, ಒಂದು ವಿನಂತಿ ಪತ್ರ, ತನ್ನ ವಿಳಾಸ ಬರೆದು ಸ್ಟಾಂಪ್ ಹಚ್ಚಿದ ಇನ್ನೊಂದು ಕವರು. ಕೆಲವು ತಿಂಗಳಲ್ಲಿ ಬಂದವು, ಕೆಲವು ವರ್ಷದ ಮೇಲೆ, ಎಷ್ಟೋ ಬರಲೇ ಇಲ್ಲ. ಕೊಡಗಿನಲ್ಲಿ 1997ರಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಮೇಲೆ ಒಂದು ಬೇಸಿಗೆ ಅಲ್ಲಿಗೂ ಹೋಗಿ ಬಂದ. ಒಟ್ಟು 37 ಕಾರ್ಡು ಇವೆ, ಸಹಿ ಇರುವುದು 23ರಲ್ಲಿ. ಧ್ಯಾನ್‌ಚಂದರ ಕಾರ್ಡಿಗೆ ಸಹಿ ಇಲ್ಲ. ಮಾಮ ಅಂಚೆಗೆ ಹಾಕುವ ಮೊದಲೇ, 1979ರ ಡಿಸೆಂಬರ್ 3ರಂದು ಅವರು ತೀರಿಕೊಂಡಿದ್ದರು.

ಸಹಿ ಬಗ್ಗೆ ಮಾಮ ಹೇಳುವ ಕಥೆಯೊಂದಿದೆ. 1932ರ ಆ ಪಂದ್ಯದಲ್ಲಿ ಅಮೆರಿಕದವರಿಗೆ ಸಿಕ್ಕ ಒಂದೇ ಒಂದು ಗೋಲು ಹೇಗೆ ಬಂತು ಗೊತ್ತಾ? ನಮ್ಮ ಗೋಲ್‌ಕೀಪರ್ ರಿಚರ್ಡ್ ಆಲನ್‌ಗೆ ಕೆಲಸವೇ ಇರಲಿಲ್ಲವಂತೆ. ಗೋಲಿನ ಹಿಂದೆ ನಿಂತವರಿಗೆ ಸಹಿ ಹಾಕಿಕೊಡುತ್ತಿದ್ದಾಗ ಚೆಂಡು ಒಳಗೆ ಹೋಯಿತಂತೆ. ಹಾಕಿ ಮಂದಿ ತೊಂಬತ್ತು ವರ್ಷದಿಂದ ಹೇಳಿಕೊಂಡು ಬಂದ ಕಥೆ. ಕುಮಾರರಾಮನ ಚೆಂಡು ರತ್ನಾಜಿಯ ಅರಮನೆಗೆ ಬಿದ್ದ ಕಥೆ ಕೇಳಿ ಬೆಳೆದ ಕಂಪ್ಲಿಯವರಿಗೆ, ಒಂದು ಚೆಂಡಿನಿಂದ ಏನೇನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಟ್ರಂಕಿಗೆ ಮೊದಲ ಗಿರಾಕಿ ಬಂದದ್ದು ಸಂಡೂರಿನಿಂದ. ಅದಿರಿನ ಕಾಲ ಅದು. ಲಾರಿ ಇದ್ದವರ ಕೈಯಲ್ಲಿ ದುಡ್ಡು ಹರಿದಾಡುತ್ತಿತ್ತು. ಲಾರಿ ಮಾಲೀಕರೊಬ್ಬರು ಹೊಸ ಮನೆ ಕಟ್ಟಿಸಿ, ಹಾಲಿನ ಷೋಕೇಸಿಗೆ ಹಳೆ ಸಾಮಾನು ಹುಡುಕುತ್ತಿದ್ದರು. ಎಲ್ಲಾ ಕಾರ್ಡಿಗೂ ಸೇರಿ 50 ಸಾವಿರ ಅಂದರು. ಮಾಮ ಚಹಾ ಕುಡಿಸಿ ಕಳಿಸಿದ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಸಾಲಾಗಿ ನಿಂತವು. ಆ ಮನೆಯೂ ಬೇರೆಯವರ ಪಾಲಾಯಿತು. ಷೋಕೇಸಿನ ಸಾಮಾನು ಎಲ್ಲಿ ಹೋಯಿತೋ ಕೇಳಿದವರಿಲ್ಲ.

ಎರಡನೇ ಸಲ ಸುದ್ದಿ ಹೊರಟದ್ದು ಹಂಪಿಯಿಂದ. ಮಾಮನ ಹಿರೇಮಗ ಅಲ್ಲಿ ಆಟೊ ಓಡಿಸುತ್ತಾನೆ. ಒಂದು ಕಾರ್ಡಿನ ಜೆರಾಕ್ಸ್ ಪ್ರತಿಯನ್ನು ಗಾಜಿನ ಮೇಲೆ ಅಂಟಿಸಿಕೊಂಡಿದ್ದ. ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೊರಟಿದ್ದ ಕೆನಡಾದ ಪ್ರವಾಸಿಯೊಬ್ಬ ಅದನ್ನು ನೋಡಿ ಕೈಸನ್ನೆಯಲ್ಲೇ ವಿಚಾರಿಸಿದ. ಅವರ ಊರಿನ ಕಾರ್ಡುಗಳ ಬೆಲೆ ನಮಗೆ ಗೊತ್ತಾದದ್ದೇ ಆಗ. ಮಗ ಎಲ್ಲಾ ಕಾರ್ಡಿನ ಫೋಟೊ ತೆಗೆದು ಗ್ರೂಪಿಗೆ ಹಾಕಿದ. ತಿಂಗಳೊಳಗೆ ದೊಡ್ಡ ಊರಿನ ವ್ಯಾಪಾರಿಯೊಬ್ಬರ ಫೋನ್ ಬಂತು.

ಆ ಹೊತ್ತಿಗೆ ಮನೆಯಲ್ಲಿ ಎರಡು ಚಿಂತೆ ಇದ್ದವು. ಮಾಮನ ಮಗಳ ಬಿ.ಎಡ್. ಫೀಸು ಒಂದು. ಇನ್ನೊಂದು ಮಾಮನ ಕಣ್ಣು. ಗ್ಲುಕೋಮಾ. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು ಅಂತ ಡಾಕ್ಟರು ಹೇಳಿದ್ದರು.

ವ್ಯಾಪಾರಿ ಎಲ್ಲಾ ಸೇರಿ 80 ಸಾವಿರ ಅಂದರು. ಆಮೇಲೆ ನಿಧಾನಕ್ಕೆ ಇನ್ನೊಂದು ಮಾತು ಬಿಟ್ಟರು. ಧ್ಯಾನ್‌ಚಂದರ ಕಾರ್ಡಿಗೆ ಸಹಿ ಇದ್ದಿದ್ದರೆ ಅದೊಂದಕ್ಕೇ ಲಕ್ಷ ಕೊಡುತ್ತಿದ್ದೆ, ಇನ್ನೊಮ್ಮೆ ಟ್ರಂಕು ನೋಡಿ, ಎಲ್ಲಾದರೂ ಸಿಗಬಹುದು ಅಂದರು. ಅರ್ಥ ಎಲ್ಲರಿಗೂ ಆಯಿತು. ಫೋನು ಸ್ಪೀಕರಿನಲ್ಲಿತ್ತು.

ಮಾಮ ಒಂದೇ ಮಾತು ಹೇಳಿದ: "ನೋಡ್ರಿ, ಒಳಗ ಹೋಗದ ಬಾಲಿಗೆ ಗೋಲು ಅಂತ ಬರಿಯಾಕ ಬರಂಗಿಲ್ಲ."

ಫೋನು ಇಟ್ಟ ಮೇಲೆ ಮನೆಯಲ್ಲಿ ಜಗಳವೇ ಆಯಿತು. ಅತ್ತೆ ಅಂದದ್ದು ತಪ್ಪೇನಲ್ಲ: "ಸುಳ್ಳು ಸಹಿ ಬ್ಯಾಡ ಬಿಡ್ರಿ. ಖರೇ ಇದ್ದವನ್ನರ ಮಾರ್ರಿ. ಕಾಗದ ಇಟಗೊಂಡು ಹುಡುಗಿ ಓದು ನಿಲ್ಲಸ್ತೀರೇನು?" ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುವುದು ನಿಮಗೆ ಗೊತ್ತು. ಕೋಟೆ ಕಡೆ ಇರುವ ಈ ಮನೆಯ ಹೊಸ್ತಿಲ ತನಕ ನೀರು ಬಂದಾಗಲೆಲ್ಲ ಮಾಮ ಮೊದಲು ಎತ್ತುತ್ತಿದ್ದದ್ದು ಈ ಟ್ರಂಕು. ಅಕ್ಕಿ ಚೀಲ ಎತ್ತುತ್ತಿದ್ದವಳು ಅತ್ತೆ. ಅವಳಿಗೆ ಆ ಮಾತು ಆಡುವ ಹಕ್ಕು ಇತ್ತು.

ಸರ್ಕಾರಕ್ಕೆ ಕೊಟ್ಟುಬಿಡಿ, ಮ್ಯೂಸಿಯಂನಲ್ಲಿ ಇರುತ್ತವೆ ಅಂತ ನಾನು ಹೇಳಿದೆ. ಮಾಮ ಬಲ್ಬೀರ್ ಸಿಂಗರ ಸಂಗತಿ ತೆಗೆದ. ಅವರು 1985ರಲ್ಲಿ ತಮ್ಮ ಪದಕಗಳು, ಹಳೆ ಫೋಟೊಗಳು, 1956ರ ಮೆಲ್ಬರ್ನ್ ಒಲಿಂಪಿಕ್ಸಿನ ನಾಯಕನ ಕೋಟು, ಎಲ್ಲವನ್ನೂ ಮ್ಯೂಸಿಯಂಗೆಂದು ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ಕೊಟ್ಟರು. ಎಷ್ಟೋ ವರ್ಷದ ಮೇಲೆ ಕೇಳಿದರೆ ಅವು ಎಲ್ಲಿವೆ ಅಂತ ಹೇಳುವವರಿರಲಿಲ್ಲ. 2020ರ ಮೇ 25ರಂದು ಅವರು ತೀರಿಕೊಂಡಾಗಲೂ ಸಿಕ್ಕಿರಲಿಲ್ಲ. ಮೂರು ಒಲಿಂಪಿಕ್ ಚಿನ್ನ ಗೆದ್ದವರ ವಸ್ತುವೇ ಹಾಗಾದರೆ ಕಂಪ್ಲಿ ಗುಮಾಸ್ತನ ಕಾಗದಕ್ಕೆ ಯಾರು ದಿಕ್ಕು?

ನನ್ನನ್ನು ಹೆದರಿಸಿದ್ದು ಬೇರೆ ವಿಷಯ. 23 ಸಹಿಗಳಲ್ಲಿ ಹೆಚ್ಚಿನವು ಬರೀ ಗೀಚು. ಯಾರದು, ಎಲ್ಲಿ, ಯಾವ ವರ್ಷ ಹಾಕಿದ್ದು, ಇದೆಲ್ಲ ಇದ್ದದ್ದು ಮಾಮನ ತಲೆಯಲ್ಲಿ ಮಾತ್ರ. ಅವನಿಗೆ ಕಾಣದಾದ ದಿನ ಅವು ಗೀಚಾಗಿಯೇ ಉಳಿಯುತ್ತವೆ.

ನಾಲ್ಕು ಭಾನುವಾರ ಹೊಸಪೇಟೆಯಿಂದ ಬಸ್ಸು ಹಿಡಿದು ಹೋದೆ. ಮಾಮ ಬಾಗಿಲ ಬೆಳಕಿಗೆ ಕೂತು ಒಂದೊಂದೇ ಕಾರ್ಡು ಕಣ್ಣ ಹತ್ತಿರ ಹಿಡಿದು ಹೇಳುತ್ತಿದ್ದ. ಮೊಬೈಲಿನಲ್ಲಿ ಅವನ ಮಾತು ರೆಕಾರ್ಡ್ ಮಾಡಿದೆ. ಮಗಳು ಗಿರಣಿಯ ಹಳೆ ಲೆಡ್ಜರಿನಲ್ಲಿ ನಂಬರು ಹಾಕಿ ಬರೆದಳು. 23ರಲ್ಲಿ 21 ಗೊತ್ತಾದವು. ಎರಡನ್ನು ಎಷ್ಟು ನೋಡಿದರೂ ಹೊಳೆಯಲಿಲ್ಲ. "ಗೊತ್ತಿಲ್ಲ ಅಂತ ಬರಿಯವ್ವ, ಊಹೆ ಬ್ಯಾಡ" ಅಂದ. ಹಾಗೇ ಬರೆದೆವು.

ಬರೆಯುವಾಗಲೇ ಒಂದು ದಾರಿ ಕಂಡಿತು. ಐದು ಕಾರ್ಡು ಜೋಡಿ ಇದ್ದವು, ಒಬ್ಬರದೇ ಸಹಿ ಎರಡೆರಡು ಸಲ. ಆ ಐದರಲ್ಲಿ ಒಂದೊಂದನ್ನು ಮಾರೋಣ ಅಂತ ಮಗಳೇ ಹೇಳಿದಳು. ವ್ಯಾಪಾರಿ 12 ಸಾವಿರ ಕೊಟ್ಟರು. ಪ್ರತಿ ಕಾರ್ಡಿನ ಜೊತೆ ಒಂದು ಚೀಟಿ ಹೋಯಿತು: ಇದು ಮನೆಯಲ್ಲಿ ಮಾಡಿದ ಕಾರ್ಡು, ಸಹಿ ಇಂಥ ಕಡೆ ಹಾಕಿಸಿದ್ದು, ಕೆಳಗೆ ಮಾಮನ ಸಹಿ. ಚೀಟಿ ಇದ್ದದ್ದಕ್ಕೇ ಹೇಳಿದ ರೇಟು ಸಿಕ್ಕಿತು. ಫೀಸಿಗೆ ಅದು ಸಾಲಲಿಲ್ಲ, ಉಳಿದದ್ದಕ್ಕೆ ಅತ್ತೆ ಸಂಘದಲ್ಲಿ ಸಾಲ ತೆಗೆದಳು. ಟ್ರಂಕಿನಲ್ಲಿ ಈಗ 32 ಕಾರ್ಡು. ಲೆಡ್ಜರಿನ ಮೊದಲ ಪುಟದಲ್ಲಿ ಮಗಳ ಹೆಸರಿದೆ.

ನಿಮ್ಮ ಮನೆಯಲ್ಲೂ ಇಂಥದ್ದೇನಾದರೂ ಇರಬಹುದು. ನಾಟಕದ ಕರಪತ್ರ, ಕುಸ್ತಿಯ ಫೋಟೊ, ಭಜನಾ ತಂಡದ ಹಳೆ ಪುಸ್ತಕ. ಲ್ಯಾಮಿನೇಷನ್ ಮಾಡಿಸಬೇಡಿ, ಆಮೇಲೆ ಬಿಡಿಸಲು ಬರುವುದಿಲ್ಲ. ಸೆಲ್ಲೋ ಟೇಪು ಹಚ್ಚಬೇಡಿ, ಕಾಗದಕ್ಕೆ ಹಳದಿ ಕಲೆ ಬೀಳುತ್ತದೆ. ನೆಲದಿಂದ ಎತ್ತರದಲ್ಲಿ, ಬಿಸಿಲು ತಾಗದ ಕಡೆ ಇಡಿ. ಫೋಟೊದಲ್ಲಿ ಯಾರಿದ್ದಾರೆ ಅಂತ ಗೊತ್ತಿರುವ ಹಿರಿಯರನ್ನು ಇವತ್ತೇ ಕೇಳಿ, ಹಿಂದೆ ಪೆನ್ಸಿಲಿನಲ್ಲಿ ಹಗುರಾಗಿ ಬರೆದಿಡಿ. ಮಾರುವುದು, ಇಟ್ಟುಕೊಳ್ಳುವುದು, ಕೊಡುವುದು ಆಮೇಲೂ ಆಗುತ್ತದೆ. ಕೇಳುವುದು ಮಾತ್ರ ಅವರು ಇರುವಾಗಲೇ ಆಗಬೇಕು.